ಒಂದು ಅಡುಗೆಮನೆ, ಎರಡು ಹೆಸರು

ಲಾಟ್ವಿಯಾದ ಅಡುಗೆಮನೆಗೆ ಎರಡು ಹೆಸರುಂಟು. ಶಾಲೆಯ ಪುಸ್ತಕದಲ್ಲಿ, ಪೀಠೋಪಕರಣಗಳ ಜಾಹೀರಾತಿನಲ್ಲಿ ಕಾಣುವುದು 'ವಿರ್ತುವೆ'. ಮನೆಮಾತಿನಲ್ಲಿ ಸಲೀಸಾಗಿ ಬರುವುದು 'ಕ್ಯೇಕ್ಯಿಸ್'.

ಎರಡನೆಯದು ಜರ್ಮನ್ನರ ಬಳುವಳಿ. 1201ರಲ್ಲಿ ಬಿಷಪ್ ಆಲ್ಬರ್ಟ್ ರೀಗಾ ನಗರ ಕಟ್ಟಿದ ಮೇಲೆ ಜರ್ಮನ್ ವರ್ತಕರೂ ಭೂಮಾಲೀಕರೂ ಆ ನೆಲದಲ್ಲಿ ಬೇರುಬಿಟ್ಟರು. ಮುಂದೆ ಆಳುವ ರಾಜರು ಬದಲಾದರು. ಜಮೀನ್ದಾರಿಕೆ ಮಾತ್ರ 1920ರ ಭೂಸುಧಾರಣೆಯವರೆಗೂ ಬಹುಪಾಲು ಜರ್ಮನ್ನರ ಕೈಯಲ್ಲೇ ಇತ್ತು. ಅವರ ಬಂಗಲೆಗಳಲ್ಲಿ ಪಾತ್ರೆ ತಿಕ್ಕಿ, ಒಲೆ ಉರಿಸುತ್ತಿದ್ದವರು ಲಾಟ್ವಿಯನ್ ಆಳುಕಾಳುಗಳು. ಒಡೆಯರ ನುಡಿ ಅವರ ನಾಲಿಗೆಗೆ ಹತ್ತದೆ ಇದ್ದೀತೆ? ಅಡುಗೆಯವಳು 'ಕ್ಯೇಕ್ಷಾ' ಆದಳು, ಕಪಾಟು 'ಸ್ಕಾಪಿಸ್' ಆಯಿತು, ಮೈ ಒರೆಸುವ ಟವೆಲು 'ದ್ವಿಯೆಲಿಸ್'.

'ವಿರ್ತುವೆ' ಅಪ್ಪಟ ದೇಸಿ. 'ಕುದಿ' ಎಂಬರ್ಥದ ಕ್ರಿಯಾಪದದಿಂದ ಹುಟ್ಟಿದ್ದು. ಶಿಷ್ಟ ಭಾಷೆಯ ಪಟ್ಟ ಅದಕ್ಕೇ ಸಿಕ್ಕಿದೆ.

ಆದರೆ ಎರವಲು ಪದವನ್ನು ಹೊರಗಿಡುವ ಈ ಮಡಿ ಎಲ್ಲ ಕಡೆ ನಡೆದಿಲ್ಲ, ಸ್ವಾರಸ್ಯ ಇರುವುದೇ ಅಲ್ಲಿ. ಅದೇ ಅಡುಗೆಮನೆಯ ಮೂಲೆಯಲ್ಲಿ ನಿಂತ ಫ್ರಿಜ್ಜಿನ ಹೆಸರು 'ಲೆದುಸ್‌ಸ್ಕಾಪಿಸ್'. 'ಲೆದುಸ್' ಎಂದರೆ ಮಂಜುಗಡ್ಡೆ, ಸ್ವಂತ ಪದ. ಅದಕ್ಕೆ ಅಂಟಿಕೊಂಡಿರುವುದು ಜರ್ಮನ್ ಮೂಲದ ಕಪಾಟು. ಈ ಜೋಡಿ ತಕರಾರಿಲ್ಲದೆ ಶಿಷ್ಟ ಭಾಷೆಯೊಳಗೆ ಸೇರಿಕೊಂಡಿದೆ. ಅದೇ ಮೂಲದ 'ಕ್ಯೇಕ್ಯಿಸ್' ಮಾತ್ರ ನಿಘಂಟಿನಲ್ಲಿ ಇನ್ನೂ ಆಡುಮಾತು.