ಪೀಣ್ಯದ ಶೆಡ್ಡಿನಿಂದ ಹೋದ ಆರ್ಯಭಟ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ನಮ್ಮ ಮಡಕಶಿರ ಕಡೆಯ ಎಷ್ಟೋ ಹುಡುಗರು ಕೆಲಸಕ್ಕೆ ಅಂತ ಬೆಂಗಳೂರಿನ ಪೀಣ್ಯಕ್ಕೆ ಹೋಗ್ತಾರೆ. ಲೇತು, ವೆಲ್ಡಿಂಗು, ಗ್ರೈಂಡಿಂಗು. ಭಾರತದ ಮೊದಲನೇ ಉಪಗ್ರಹ ಆರ್ಯಭಟ ತಯಾರಾದದ್ದೂ ಅದೇ ಪೀಣ್ಯದಲ್ಲಿ, ಶೀಟು ಹೊದಿಸಿದ ಶೆಡ್ಡುಗಳಲ್ಲಿ. ಅದರ ಹೊಣೆ ಹೊತ್ತವರು ಉಡುಪಿ ಹತ್ತಿರದ ಅದಮಾರಿನ ಯು.ಆರ್. ರಾವ್. ಜೊತೆಗಿದ್ದವರಲ್ಲಿ ಹೆಚ್ಚಿನವರು ಇಪ್ಪತ್ತರ ಹರೆಯದವರು, ಉಪಗ್ರಹ ಅನ್ನೋದನ್ನ ಅದಕ್ಕೆ ಮುಂಚೆ ಕಣ್ಣಲ್ಲಿ ಕಂಡವರಲ್ಲ. ಪಾಠದಲ್ಲಿ ಬರೋದು ಒಂದೆರಡು ಹೆಸರು. ಬೆಸುಗೆ ಹಾಕಿದವರು, ತಗಡು ಕತ್ತರಿಸಿದವರು, ರಾತ್ರಿಯೆಲ್ಲಾ ಕೂತು ಪರೀಕ್ಷೆ ಮಾಡಿದವರು, ಇವರೆಲ್ಲ ಸೇರಿದ ಮೇಲೇ ಅದು ಉಪಗ್ರಹ ಆದದ್ದು.

ತೂಕ 360 ಕಿಲೋ, ಮುಖಗಳು 26. ಬಹಳ ಜನ ಅದನ್ನ ನಮ್ಮ ಶ್ರೀಹರಿಕೋಟದಿಂದಲೇ ಹಾರಿಸಿದರು ಅಂದ್ಕೊಂಡಿದ್ದಾರೆ. ಅಲ್ಲ. ಅಷ್ಟು ಭಾರ ಹೊರುವ ರಾಕೆಟ್ಟು ಆಗ ನಮ್ಮಲ್ಲಿ ಇರಲಿಲ್ಲ. 1975ರ ಏಪ್ರಿಲ್ 19ರಂದು ಸೋವಿಯತ್ ರಷ್ಯಾದ ಕಪೂಸ್ತಿನ್ ಯಾರ್‌ನಿಂದ ಅವರ ರಾಕೆಟ್ಟೇ ಅದನ್ನ ಕೊಂಡೊಯ್ದಿತು. ಶ್ರೀಹರಿಕೋಟದಲ್ಲಿ ಅದರ ಸಂಕೇತ ಹಿಡಿದರು.

ಮೇಲೆ ಹೋದದ್ದು ಕೆಳಗೆ ಯಾಕೆ ಬೀಳಲಿಲ್ಲ ಅಂತ ಮಕ್ಕಳು ಕೇಳ್ತಾರೆ. ನಿಜಕ್ಕೂ ಅದು ಬೀಳುತ್ತಲೇ ಇರುತ್ತದೆ. ಆದರೆ ಸೆಕೆಂಡಿಗೆ ಏಳೂವರೆ ಕಿಲೋಮೀಟರು ಓಡುತ್ತಾ ಬೀಳುವುದರಿಂದ, ಅದು ಇಳಿದಷ್ಟೂ ದುಂಡಗಿನ ಭೂಮಿಯೂ ಅಡಿಯಲ್ಲಿ ಬಾಗಿಕೊಂಡು ಹೋಗುತ್ತದೆ. ನೆಲ ಕೈಗೆ ಸಿಗುವುದೇ ಇಲ್ಲ. ಹಾಗೆ ಸುಮಾರು 96 ನಿಮಿಷಕ್ಕೊಂದು ಸುತ್ತು.

ಪುಸ್ತಕದವರು ಒಂದೇ ಸಾಲಲ್ಲಿ ದಾಟಿಬಿಡುವ ಸಂಗತಿಯನ್ನ ನಾನು ಬಿಡಿಸಿ ಹೇಳ್ತೀನಿ. ನಾಲ್ಕು ದಿನಕ್ಕೆ ಅದರ ವಿದ್ಯುತ್ ವ್ಯವಸ್ಥೆ ಕೈಕೊಟ್ಟಿತು. ಎಕ್ಸ್-ರೇ, ಸೂರ್ಯ, ಮೇಲಿನ ಗಾಳಿಮಂಡಲ ಇವುಗಳ ಬಗ್ಗೆ ಇಟ್ಟಿದ್ದ ಪ್ರಯೋಗಗಳು ನಿಂತುಹೋದವು. ಮೂರು ವರ್ಷದ ದುಡಿಮೆ, ನಾಲ್ಕು ದಿನ! ಆದರೂ ಶೆಡ್ಡಿಗೆ ಬೀಗ ಬೀಳಲಿಲ್ಲ. ಅದೇ ತಂಡ 1979ರಲ್ಲಿ ಭಾಸ್ಕರವನ್ನ ಕಳಿಸಿತು. ಆರ್ಯಭಟ 1992ರವರೆಗೆ ಸುತ್ತಿ, ಆಮೇಲೆ ಗಾಳಿಗೆ ಇಳಿದು ಉರಿದುಹೋಯಿತು. ಹಳೇ ಎರಡು ರೂಪಾಯಿ ನೋಟು ಯಾರ ಟ್ರಂಕಿನಲ್ಲಾದರೂ ಇದ್ದರೆ ಹಿಂಬದಿ ನೋಡಿ, ಅದರ ಚಿತ್ರ ಇದೆ.

ಟೆಂತ್‌ನಲ್ಲಿ ಗಣಿತ ಹೋಯಿತು ಅಂತ ಪುಸ್ತಕ ಅಟ್ಟಕ್ಕೆ ಹಾಕಿದವರು ಇಲ್ಲೇ ಕೂತಿದ್ದೀರಿ. ಹೆಸರು ಹೇಳೋದಿಲ್ಲ, ಹೆದರಬೇಡಿ. ಭಾನುವಾರ ಸಂಜೆ ಸಂಘದ ಕೋಣೆಯಲ್ಲಿ ಪಾಠ ಇದೆ, ಬನ್ನಿ. ಪೀಣ್ಯದಿಂದ ರಜೆಗೆ ಬರುವವರು ಒಂದು ವರ್ನಿಯರ್ ತನ್ನಿ. ಕೂದಲೆಳೆಯಷ್ಟು ಅಳತೆ ಹೇಗೆ ತೆಗೀತಾರೆ ಅಂತ ಮಕ್ಕಳಿಗೆ ನೀವೇ ತೋರಿಸಿ.