ಕರಾರಿನಲ್ಲಿ ಬರೆಯದ ಷರತ್ತು



ನಾನು ಪಂಡಿತನಲ್ಲ. ಪಿ.ಯು.ಸಿ. ಓದಿ ಅಚ್ಚುಕೂಟ ನಡೆಸುತ್ತಿರುವವನು. ಆದರೂ ಕೆರೋಲ್ ಪೇಟ್‌ಮನ್ ಎಂಬ ವಿದುಷಿಯ ಬಗ್ಗೆ ನಿಮ್ಮ ಮುಂದೆ ನಾಲ್ಕು ಮಾತು ಆಡಲೇಬೇಕಾಗಿದೆ.

1940ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಈಕೆ 16ನೇ ವಯಸ್ಸಿಗೇ ಶಾಲೆ ಬಿಟ್ಟವರು. 1963ರಲ್ಲಿ ದುಡಿಯುವ ಜನರಿಗೆಂದೇ ಇದ್ದ ಆಕ್ಸ್‌ಫರ್ಡಿನ ರಸ್ಕಿನ್ ಕಾಲೇಜು ಸೇರಿದರು. 1991ರಲ್ಲಿ ಅಂತರರಾಷ್ಟ್ರೀಯ ರಾಜ್ಯಶಾಸ್ತ್ರ ಸಂಘದ ಮೊದಲ ಮಹಿಳಾ ಅಧ್ಯಕ್ಷೆಯಾದರು!

ಸ್ವತಂತ್ರ ಮನುಷ್ಯರು ಕರಾರು ಮಾಡಿಕೊಂಡು ರಾಜ್ಯ ಕಟ್ಟಿದರು ಎಂದು ಹಾಬ್ಸ್, ಲಾಕ್, ರೂಸೋ ಬರೆದರು. 1988ರ ‘ದಿ ಸೆಕ್ಷುಯಲ್ ಕಾಂಟ್ರಾಕ್ಟ್’ ಪುಸ್ತಕದಲ್ಲಿ ಪೇಟ್‌ಮನ್ ಹೇಳಿದ್ದು ಇಷ್ಟು: ಇದು ಅರ್ಧ ಕಥೆ. ಹೆಣ್ಣಿನ ಮೇಲೆ ಗಂಡಿಗೆ ಹಕ್ಕು ಕೊಟ್ಟ ಇನ್ನೊಂದು ಕರಾರನ್ನು ಮುಚ್ಚಿಡಲಾಗಿದೆ. ಅಪ್ಪನ ಆಳ್ವಿಕೆ ಹೋಗಿ ಅಣ್ಣತಮ್ಮಂದಿರ ಆಳ್ವಿಕೆ ಬಂತು, ಅಷ್ಟೆ.

ನಾನು ದಿನವೂ ಕರಾರು ಮಾಡುವವನು. ಕಾಗದ ಯಾವುದು, ಮುಂಗಡ ಎಷ್ಟು ಎಂದು ಗಿರಾಕಿ ಚೌಕಾಸಿ ಮಾಡುತ್ತಾನೆ. ಒಪ್ಪದಿದ್ದರೆ ಎದ್ದು ಹೋಗುತ್ತಾನೆ. ಮದುವೆಯ ಷರತ್ತುಗಳನ್ನು ಗಂಡುಹೆಣ್ಣು ಕೂತು ಬರೆಯುತ್ತಾರೆಯೇ? ಕಾನೂನು, ಸಂಪ್ರದಾಯ ಮೊದಲೇ ಬರೆದಿಟ್ಟಿವೆ. ಒಮ್ಮೆ ತಾಳಿ ಕಟ್ಟಿಸಿಕೊಂಡರೆ ಎಂದೆಂದಿಗೂ ಒಪ್ಪಿಗೆ ಎಂದೇ ಅರ್ಥ. ಇಂಗ್ಲೆಂಡಿನ ನ್ಯಾಯಾಲಯ ಇಂಥ ನಿಯಮವನ್ನು 1991ರಲ್ಲಿ ಕಿತ್ತುಹಾಕಿತು. ನಮ್ಮ ಕರ್ನಾಟಕ ಹೈಕೋರ್ಟು 2022ರ ಮಾರ್ಚಿನಲ್ಲಿ, ಗಂಡನೆಂಬ ಕಾರಣಕ್ಕೆ ಅತ್ಯಾಚಾರದ ಆರೋಪದಿಂದ ಬಿಡಲಾಗದು ಎಂದಿತು. ಜುಲೈನಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟಿತು. 2023ರ ಭಾರತೀಯ ನ್ಯಾಯ ಸಂಹಿತೆ ಗಂಡನಿಗಿದ್ದ ವಿನಾಯಿತಿಯನ್ನು ಹಾಗೆಯೇ ಉಳಿಸಿಕೊಂಡಿತು.

ಬೇರೆಯವರ ಮಾತೇಕೆ? ನನ್ನ ಹೆಂಡತಿ ವರ್ಷಗಟ್ಟಲೆ ಪ್ರೂಫ್ ನೋಡಿದ್ದಾಳೆ, ಲೆಕ್ಕ ಬರೆದಿದ್ದಾಳೆ. ಸಂಬಳದ ಪುಸ್ತಕದಲ್ಲಿ ಅವಳ ಹೆಸರಿಲ್ಲ. ಬೋರ್ಡಿನ ಮೇಲೆ ಮಾಲೀಕ ನಾನೊಬ್ಬನೇ. ಮನೆಯ ಕೆಲಸವೆಂದು ಸುಮ್ಮನಿದ್ದೆ. ಆ ಪುಸ್ತಕದ ಸಾರವನ್ನು ಉಪನ್ಯಾಸಕಿಯೊಬ್ಬರು ಕನ್ನಡದಲ್ಲಿ ಬಿಡಿಸಿ ಹೇಳಿದ ದಿನ ತಲೆ ತಗ್ಗಿಸಿದೆ.

ಓದುಗರೇ, ನಮ್ಮ ಹೋರಾಟಕ್ಕೂ ಇದಕ್ಕೂ ಏನು ಸಂಬಂಧ ಎನ್ನಬೇಡಿ. ಕನ್ನಡದಲ್ಲಿ ಕಾನೂನು, ಕನ್ನಡದಲ್ಲಿ ತೀರ್ಪು ಬೇಕೆಂದು ಕೂಗುತ್ತೇವೆ. ಯಾರಿಗಾಗಿ? ಅಳುತ್ತಾ ಠಾಣೆಯ ಮೆಟ್ಟಿಲು ಹತ್ತುವ ಹೆಣ್ಣುಮಗಳಿಗೆ ತನ್ನ ಹಕ್ಕು ತನ್ನ ನುಡಿಯಲ್ಲಿ ತಿಳಿಯದಿದ್ದರೆ ನಮ್ಮ ಕೂಗು ಯಾವ ಪುರುಷಾರ್ಥಕ್ಕೆ?

ಭಾಗವಹಿಸಿಯೇ ಜನ ಪ್ರಜಾಪ್ರಭುತ್ವ ಕಲಿಯಬೇಕು ಎಂಬುದು ಪೇಟ್‌ಮನ್ 1970ರಲ್ಲೇ ಬರೆದ ಪುಸ್ತಕದ ವಾದ. ಸಂಘಗಳ ಕರಪತ್ರ ಅಚ್ಚು ಮಾಡುವವನು ನಾನು. ಪದಾಧಿಕಾರಿಗಳ ಪಟ್ಟಿಯಲ್ಲಿ ಹೆಣ್ಣುಮಕ್ಕಳು ಎಲ್ಲಿದ್ದಾರೆ? ಕೊನೆಯ ಸಾಲಿನ ‘ಮಹಿಳಾ ಘಟಕ’ದಲ್ಲಿ! ಮೆರವಣಿಗೆಗೆ ಬೇಕು, ತೀರ್ಮಾನಕ್ಕೆ ಬೇಡವೇ?

ನನ್ನ ಬೋರ್ಡಿನಲ್ಲಿ ಈ ತಿಂಗಳು ಎರಡು ಹೆಸರು ಬರೆಸುತ್ತೇನೆ. ನಿಮ್ಮ ಪಟ್ಟಿಯನ್ನು ನೀವು ತಿದ್ದಿ ತನ್ನಿ. ಹೊಸದಾಗಿ ಅಚ್ಚು ಹಾಕುವ ಖರ್ಚು ನನ್ನದು.

ಸಿರಿಗನ್ನಡಂ ಗೆಲ್ಗೆ!