ಸೊಟ್ಟ ಆದ್ರೂ ಪರವಾಗಿಲ್ಲ, ನಕ್ಷತ್ರ ಮನೆಯಲ್ಲೇ ಕಟ್ಟೋಣ

ಡಿಸೆಂಬರ್ ಬಂತು. ನಮ್ಮ ಮಂಗಳೂರು ಕಡೆ ಕ್ರೈಸ್ತರ ಮನೆಗಳಲ್ಲಿ ಈಗ ಎರಡು ಕೆಲಸ ಜೋರು. ಅಡುಗೆಮನೆಯಲ್ಲಿ ಕುಸ್ವಾರ್, ಅಂದ್ರೆ ಕ್ರಿಸ್ಮಸ್ ತಿಂಡಿಗಳು. ಜಗಲಿಯಲ್ಲಿ ನಕ್ಷತ್ರ ಮತ್ತು ಗೋದಲಿ. ಯೇಸು ಹುಟ್ಟಿದ ದನದ ಕೊಟ್ಟಿಗೆಯ ಮಾದರಿಗೆ ನಾವು ಗೋದಲಿ ಅಂತೀವಿ. ಇವತ್ತು ಜಗಲಿಯ ಕೆಲಸದ ಬಗ್ಗೆ ಮಾತಾಡೋಣ. ಅದಕ್ಕೂ ಮೊದಲು ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕು.

ನಮ್ಮನೇಲಿ ನಕ್ಷತ್ರ ಕಟ್ಟೋದು ಪಪ್ಪನ ಕೆಲಸ. ತೋಟದ ಬಿದಿರು ತಂದು, ಸೀಳಿ, ಒರೆದು, ರಾತ್ರಿ ಊಟ ಆದ್ಮೇಲೆ ಜಗಲಿಯಲ್ಲಿ ಕೂತು ಕಟ್ಟೋರು. ಮೂರು ವರ್ಷದ ಹಿಂದೆ ಅವರಿಗೆ ಪಾರ್ಶ್ವವಾಯು ಆಯ್ತು. ಬಲಗೈಯಲ್ಲಿ ಹಿಡಿತ ಉಳಿಯಲಿಲ್ಲ, ಮಾತೂ ನಿಧಾನ ಆಯ್ತು. ಆ ಡಿಸೆಂಬರ್‌ನಲ್ಲಿ ಅವರು ಬಿದಿರಿನ ವಿಷಯ ಎತ್ತಿದಾಗ ನಾನೇ ಹೇಳಿದೆ: "ನಿಮಗ್ಯಾಕೆ ಪಪ್ಪಾ ತೊಂದ್ರೆ? ಬಿಡಿ, ಅಂಗಡಿಯಿಂದ ತರ್ತೀನಿ." ಪ್ಲಾಸ್ಟಿಕ್ ನಕ್ಷತ್ರ ತಂದೆ. ಸ್ವಿಚ್ ಹಾಕಿದ್ರೆ ಏಳು ಬಣ್ಣ. ಪಪ್ಪ ನೋಡಿ "ಚೆನ್ನಾಗಿದೆ" ಅಂದ್ರು, ಒಳಗೆ ಹೋಗಿ ಮಲಗಿದ್ರು. ಮರುವರ್ಷವೂ ಅದನ್ನೇ ತೂಗುಹಾಕಿದ್ವಿ. ಅವರು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ.

ಕಳೆದ ವರ್ಷ ಅಕ್ಕನ ಮಗಳು ರಜೆಗೆ ಬಂದಿದ್ಲು, ಏಳು ವರ್ಷ. ಶಾಲೆಯಲ್ಲಿ ಕಾಗದದ ನಕ್ಷತ್ರ ಮಾಡಿದ್ಲಂತೆ. ಸೀದಾ ಪಪ್ಪನ ಹತ್ರ ಹೋಗಿ, "ಅಜ್ಜಾ, ದೊಡ್ಡದು ಹೇಗೆ ಮಾಡೋದು?" ಅಂತ ಕೇಳಿದ್ಲು. ಅವಳಿಗೆ ಅವರ ಕೈ ವಿಷಯ ಲೆಕ್ಕಕ್ಕೇ ಬರಲಿಲ್ಲ. ಪಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹದಿನೈದು ಕಡ್ಡಿ ಬೇಕು" ಅಂದ್ರು.

ಆ ಲೆಕ್ಕ ನಿಮಗೂ ಹೇಳ್ತೀನಿ, ಬರ್ಕೊಳ್ಳಿ. ಎರಡಡಿ ಉದ್ದದ ಬಿದಿರಿನ ದಬ್ಬೆ ಹತ್ತು, ಐದು ಇಂಚಿನ ತುಂಡು ಐದು. ಐದು ಉದ್ದದ ದಬ್ಬೆಗಳನ್ನು ಒಂದರ ಮೇಲೊಂದು ಹಾಯಿಸಿ, ತುದಿಗಳನ್ನು ದಾರದಿಂದ ಕಟ್ಟಿದ್ರೆ ಒಂದು ನಕ್ಷತ್ರ. ಅಂಥದ್ದೇ ಇನ್ನೊಂದು. ಎರಡನ್ನೂ ಜೋಡಿಸಿ ಐದು ತುದಿ ಬಿಗಿಯಾಗಿ ಕಟ್ಟಿ. ಮಧ್ಯದಲ್ಲಿ ದಬ್ಬೆಗಳು ಹಾಯುವ ಐದು ಜಾಗ ಇರುತ್ತಲ್ಲ, ಅಲ್ಲಿ ಆ ಸಣ್ಣ ತುಂಡುಗಳನ್ನು ಅಡ್ಡ ಕೊಟ್ಟು ಕಟ್ಟಿದ್ರೆ ನಕ್ಷತ್ರ ಹೊಟ್ಟೆ ಉಬ್ಬಿಸಿಕೊಂಡು ನಿಲ್ಲುತ್ತೆ. ಹತ್ತು ಉದ್ದದ ದಬ್ಬೆಗಳೂ ಒಂದೇ ಅಳತೆ ಇರಬೇಕು, ಅಷ್ಟೇ ಗುಟ್ಟು.

ಸೀಳೋದು ನಾನು, ಕಟ್ಟೋದು ಮಗು. ಗಂಟು ಬಿಗಿಯೋವಾಗ ಎಡಗೈಯಲ್ಲಿ ಒತ್ತಿ ಹಿಡಿಯೋದು ಪಪ್ಪ. ಮಮ್ಮಿ ಒಲೆ ಮೇಲೆ ಮೈದಾ ಅಂಟು ಕಾಯಿಸಿದ್ರು. ಬಣ್ಣದ ತೆಳು ಕಾಗದಕ್ಕೆ ಪೇಟೆಗೆ ಹೋಗಬೇಕಾ ಅಂತ ಯೋಚಿಸ್ತಿದ್ದಾಗ ಪಕ್ಕದ ಮನೆ ಅಕ್ಕ ದೀಪಾವಳಿಯ ಗೂಡುದೀಪದಲ್ಲಿ ಉಳಿದ ಕಾಗದ ತಂದುಕೊಟ್ರು. ನಮ್ಮೂರಲ್ಲಿ ಗೂಡುದೀಪಕ್ಕೂ ಕ್ರಿಸ್ಮಸ್ ನಕ್ಷತ್ರಕ್ಕೂ ಸಾಮಾನು ಒಂದೇ: ಬಿದಿರು, ದಾರ, ಕಾಗದ, ಅಂಟು.

ಪಪ್ಪ ದೂರದಿಂದಲೇ ನೋಡಿ, "ಆ ಎಡಗಡೆದು ಬೆರಳಷ್ಟು ಉದ್ದ ಆಯ್ತು" ಅಂದ್ರು. ನಾನು ಟೇಪ್ ಹಿಡಿದೆ. ಹೌದು, ಉದ್ದ ಇತ್ತು. ಬಿಚ್ಚೋಕೆ ಬೇಜಾರಾಗಿ ಹಾಗೇ ಬಿಟ್ವಿ. ಅವತ್ತು ಸಂಜೆ ಪಪ್ಪ ಮಾತಾಡಿದಷ್ಟು ಎರಡು ವರ್ಷದಲ್ಲಿ ಮಾತಾಡಿರಲಿಲ್ಲ. ಎಲ್ಲ ಸಣ್ಣ ಸಣ್ಣ ಮಾತೇ. ಹಿಡಿ, ಬಿಡು, ಅಲ್ಲಿ ಅಲ್ಲ, ಇಲ್ಲಿ. ಆದ್ರೆ ಅದು ಅವರ ಕೆಲಸದ ಮಾತು.

ಆಗ ನನಗೆ ಗೊತ್ತಾಯ್ತು. "ನಿಮಗ್ಯಾಕೆ ತೊಂದ್ರೆ" ಅಂದಾಗ ನಾನು ಅವರಿಗೆ ರಜೆ ಕೊಟ್ಟೆ ಅಂದ್ಕೊಂಡಿದ್ದೆ. ನಿಜವಾಗಿ ಅವರ ಕೆಲಸ ಕಿತ್ಕೊಂಡಿದ್ದೆ.

ಎರಡು ಎಚ್ಚರಿಕೆ. ಒಳಗೆ ಹಳೇ ಕಾಲದ ಬಿಸಿಯಾಗೋ ಬಲ್ಬ್ ಬೇಡ, ಸಣ್ಣ ಎಲ್‌ಇಡಿ ಸಾಕು, ಅದೂ ಕಾಗದಕ್ಕೆ ತಾಗಬಾರದು. ಇನ್ನೊಂದು, ನಕ್ಷತ್ರವನ್ನು ಮಾಡಿನ ಕೆಳಗೇ ತೂಗುಹಾಕಿ. ನಾವು ಮಾವಿನ ಮರಕ್ಕೆ ಕಟ್ಟಿದ್ವಿ. ಬೆಳಗ್ಗೆ ನೋಡಿದ್ರೆ ಇಬ್ಬನಿಗೆ ಎರಡು ಮೂಲೆಯ ಕಾಗದ ಬಿಟ್ಟುಕೊಂಡಿತ್ತು. ಮಗು ಅತ್ತಳು, ಮಮ್ಮಿ ಮತ್ತೆ ಅಂಟು ಕಾಯಿಸಿದ್ರು.

ಇನ್ನು ಗೋದಲಿ. 1223ರಲ್ಲಿ ಇಟಲಿಯ ಗ್ರೆಚ್ಚೊ ಅನ್ನೋ ಊರಲ್ಲಿ ಸಂತ ಫ್ರಾನ್ಸಿಸ್ ಅಸ್ಸಿಸಿ ಕ್ರಿಸ್ಮಸ್ ರಾತ್ರಿ ಹುಲ್ಲು ಹಾಸಿ, ಒಂದು ಎತ್ತು, ಒಂದು ಕತ್ತೆ ತಂದು ನಿಲ್ಲಿಸಿದ್ರು. ಗೋದಲಿಯ ಕಥೆ ಶುರುವಾಗೋದು ಸಾಮಾನ್ಯವಾಗಿ ಅಲ್ಲಿಂದ. ಹಾಗಾಗಿ ಥರ್ಮೋಕೋಲ್ ಅರಮನೆ ಬೇಕಾಗಿಲ್ಲ. ರಟ್ಟಿನ ಪೆಟ್ಟಿಗೆ, ಮೇಲೆ ಬೈಹುಲ್ಲು, ಸುತ್ತ ಮಣ್ಣು. ಗದ್ದೆ ಬೇಕಾ? ತಟ್ಟೆಯಲ್ಲಿ ಮಣ್ಣು ಹಾಕಿ, ನೆನೆಸಿದ ರಾಗಿ ಚೆಲ್ಲಿ, ದಿನಾ ನೀರು ಚಿಮುಕಿಸಿ. ಡಿಸೆಂಬರ್ 14, 15ಕ್ಕೆ ಬಿತ್ತಿದ್ರೆ ಹಬ್ಬಕ್ಕೆ ಹಸಿರಾಗಿರುತ್ತೆ. ಮನೇಲಿ ಎಷ್ಟು ಸಣ್ಣ ಮಗು ಇದ್ರೂ ನೀರು ಹಾಕೋ ಕೆಲಸ ಕೊಡಬಹುದು. ಬಾಲಯೇಸುವಿನ ಗೊಂಬೆಯನ್ನು 24ರ ರಾತ್ರಿವರೆಗೆ ಇಡಬೇಡಿ. ಖಾಲಿ ತೊಟ್ಟಿಲು ನೋಡ್ತಾ ಕಾಯೋದೇ ಮಕ್ಕಳಿಗೆ ಅರ್ಧ ಹಬ್ಬ. ಮೂವರು ಜ್ಞಾನಿಗಳನ್ನು ದೂರದಲ್ಲಿಟ್ಟು ದಿನಾ ಸ್ವಲ್ಪ ಸ್ವಲ್ಪ ಮುಂದೆ ಸರಿಸಿ, ಜನವರಿ 6ಕ್ಕೆ ತಲುಪಲಿ.

ಖರ್ಚು ಉಳಿಯುತ್ತಾ ಅಂತ ಕೇಳಬಹುದು. ನಾನು ಕಾಮರ್ಸ್ ಓದಿದವಳು, ಲೆಕ್ಕ ಹಾಕಿದ್ದೀನಿ. ಮೂರು ಸಂಜೆಗೆ ನಾಲ್ಕು ಜನರ ಕೂಲಿ ಹಿಡಿದ್ರೆ ಅಂಗಡಿಯದೇ ಅಗ್ಗ. ಆದ್ರೆ ಆ ಮೂರು ಸಂಜೆ ನಮ್ಮನೇಲಿ ಟಿವಿ ಹಾಕಿರಲಿಲ್ಲ, ನನ್ನ ಫೋನ್ ಎಲ್ಲಿದೆ ಅಂತ ನಾನೇ ಹುಡುಕಬೇಕಾಯ್ತು. ಅದನ್ನ ಯಾವ ಕಾಲಂನಲ್ಲಿ ಬರೀಬೇಕು ಅಂತ ನನಗೆ ಯಾರೂ ಕಲಿಸಿಲ್ಲ.

ನಿಮ್ಮನೇಲೂ ಕೈ ನಡುಗೋರು, ಕಣ್ಣು ಮಂಜಾದೋರು ಇರಬಹುದು. ಅವರಿಗೆ ಖಂಡಿತ ಒಂದು ಕೆಲಸ ಕೊಡಿ. ದಾರ ಹಿಡಿಯೋದಾಗ್ಲಿ, ರಾಗಿ ಚೆಲ್ಲೋದಾಗ್ಲಿ, ಕೂತಲ್ಲಿಂದ ತಪ್ಪು ತೋರಿಸೋದಾಗ್ಲಿ. ನಿಧಾನ ಆಗುತ್ತೆ, ಆಗಲಿ.

ಮೊನ್ನೆ ಊರಿಗೆ ಫೋನ್ ಮಾಡಿದಾಗ ಪಪ್ಪನೇ ಕೇಳಿದ್ರು: "ಬಿದಿರು ಕಡಿಸಿದ್ದೀನಿ. ಯಾವಾಗ ಬರ್ತೀಯಾ? ಈ ಸಲ ಟೇಪ್ ಹಿಡಿದೇ ಕಡಿ."

ಶನಿವಾರ ಹೊರಡ್ತಿದ್ದೀನಿ. ನೀವು ಕಟ್ಟಿದ ನಕ್ಷತ್ರ ಹೇಗೆ ಬಂತು, ಯಾರ್ಯಾರು ಕೂತಿದ್ರಿ ಅಂತ ನನಗೆ ಹೇಳಿ. ಸೊಟ್ಟ ಆಗಿದ್ರೆ ಖಂಡಿತ ಹೇಳಿ. ಮುಂದಿನ ವಾರ ಸಿಗೋಣ. ಕ್ರಿಸ್ಮಸ್ ಹಬ್ಬದ ಶುಭಾಶಯಗಳು.